ಮೊದಲೇ ಹೇಳಿದರೆ ಸದ್ದು ಅರ್ಧ

ಅಡಿಕೆ ಸುಗ್ಗಿ ಬಂತೆಂದರೆ ಭೀಮಸಮುದ್ರಕ್ಕೆಲ್ಲ ಸಡಗರ. ನಮ್ಮ ಮನೆಯಲ್ಲಿ ಮಾತ್ರ ಆತಂಕ. ಪಕ್ಕದ ಖೇಣಿದಾರರ ಕಣದಲ್ಲಿ ಸುಲಿಯುವ ಯಂತ್ರದ ಸದ್ದು, ಬೇಯಿಸುವ ಹಂಡೆಯ ಹೊಗೆ, ಚೊಗರಿನ ವಾಸನೆ, ರಸ್ತೆಯಲ್ಲಿ ಅದಿರು ಲಾರಿಗಳ ಹಾರನ್. ನಾವು ಕೇಳಿಯೂ ಕೇಳಿಸಿಕೊಳ್ಳದ ಇವೆಲ್ಲ ಹನ್ನೊಂದು ವರ್ಷದ ನಮ್ಮ ಮಗನ ಮೇಲೆ ಒಟ್ಟಿಗೇ ಬಂದು ಎರಗುತ್ತವೆ. ಅವನಿಗೆ ಆಟಿಸಂ ಇದೆ.

ಇದನ್ನು ಇಷ್ಟು ಸಲೀಸಾಗಿ ಹೇಳಲು ನಾವು ಗಂಡ ಹೆಂಡತಿಗೆ ವರ್ಷಗಳೇ ಬೇಕಾದವು. "ಗಂಡು ಮಕ್ಕಳಿಗೆ ಮಾತು ತಡ" ಎಂದು ವೈದ್ಯರೊಬ್ಬರು ಕಳಿಸಿಬಿಟ್ಟಿದ್ದರು. ಹಿರಿಯರು ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೊಂದು ಹೆಸರು ಸಿಕ್ಕಿತು. 1943ರಲ್ಲಿ ಲಿಯೋ ಕ್ಯಾನರ್ ವಿವರಿಸಿದ್ದ, ನಮ್ಮ ದೇಶದ ಕಾನೂನು 1999ರಲ್ಲೇ ಗುರುತಿಸಿದ್ದ ಸ್ಥಿತಿಯಿದು. ತಾಯಿಯ ಪ್ರೀತಿ ಸಾಲದ್ದೇ ಇದಕ್ಕೆ ಕಾರಣವೆಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಅದು ಸುಳ್ಳೆಂದು ತಿಳಿದು ದಶಕಗಳಾದವು. ನಮ್ಮ ಬೀದಿಗೆ ಮಾತ್ರ ಆ ಸುದ್ದಿ ಇನ್ನೂ ಬಂದಿಲ್ಲ!

ನಮಗೆ ದಾರಿ ತೋರಿಸಿದ್ದು ಮಗನೇ. ಲಾರಿಯ ಹಾರನ್‌ಗೆ ಕಿರುಚುವ ಹುಡುಗ, ಅದಕ್ಕಿಂತ ಜೋರಾದ ಅಝಾನ್‌ಗೆ ಕಿರುಚುತ್ತಿರಲಿಲ್ಲ. ಗಮನಿಸಿದೆವು. ಗಡಿಯಾರ ನೋಡಿ, ಒಂದು ನಿಮಿಷ ಮೊದಲೇ ಕಿವಿ ಮುಚ್ಚಿಕೊಂಡು ಕಾಯುತ್ತಿದ್ದ. ಬರುತ್ತದೆಂದು ಗೊತ್ತಿರುವ ಸದ್ದನ್ನು ಅವನು ತಡೆದುಕೊಳ್ಳಬಲ್ಲ. ಅಂದಿನಿಂದ ಮಿಕ್ಸಿ ಹಾಕುವ ಮೊದಲು ಹೇಳುತ್ತೇವೆ. ಯಂತ್ರ ಎಷ್ಟು ಗಂಟೆಗೆ ಶುರುವಾಗುತ್ತದೆಂದು ಖೇಣಿದಾರರನ್ನು ಕೇಳಿಕೊಂಡು ಬರುತ್ತೇವೆ. "ಅದಕ್ಕೇನು ಸಾಬ್ರೇ, ಹಿಂದಿನ ದಿನಾನೇ ಹೇಳಿ ಕಳಿಸ್ತೀನಿ" ಎಂದರು ಅವರು. ಯಂತ್ರದ ಕೆಲಸಗಾರರು ಹಾಕಿಕೊಳ್ಳುವಂಥ ಕಿವಿಮುಚ್ಚುಗ ಚಿತ್ರದುರ್ಗದಲ್ಲಿ ಸಿಕ್ಕಿತು. ಅದನ್ನು ದಿನವಿಡೀ ಹಾಕುವುದಿಲ್ಲ. ಹಾಗೆ ಹಾಕಿದರೆ ಸಣ್ಣ ಸದ್ದೂ ಚುಚ್ಚತೊಡಗುತ್ತದೆ.

ಅಂಗಿಯ ಕಾಲರಿನ ಚೀಟಿ ಕತ್ತರಿಸುತ್ತೇವೆ. ಹೊಸ ಬಟ್ಟೆಯನ್ನು ನಾಲ್ಕು ಸಲ ಒಗೆದು ಮೆತ್ತಗೆ ಮಾಡುತ್ತೇವೆ. ಅನ್ನಕ್ಕೆ ಸಾರು ತಾಗಬಾರದು, ಅದಕ್ಕೆ ಬೇರೆ ಬಟ್ಟಲು. ಕೈ ಕೈ ಬಡಿದುಕೊಳ್ಳುವುದನ್ನು ಬಿಡಿಸಬೇಕೆಂದು ಮೊದಲು ನಾವೂ ಹಟ ಹಿಡಿದಿದ್ದೆವು. ಅದರಿಂದ ಮನಸ್ಸು ತಹಬದಿಗೆ ಬರುತ್ತದೆಂದು ಆಟಿಸಂ ಇರುವ ವಯಸ್ಕರು ಈಗ ತಾವೇ ಬರೆಯುತ್ತಿದ್ದಾರೆ. ಓದಿ ನಾಚಿಕೆಯಾಯಿತು. ಶಾಲೆಯಲ್ಲಿ ಅದನ್ನು ಅದುಮಿಟ್ಟುಕೊಂಡು ಬರುತ್ತಿದ್ದ ಮಗು ಮನೆಗೆ ಬಂದೊಡನೆ ಸಿಡಿಯುತ್ತಿತ್ತು. ಈಗ ಬಂದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಿಸುವುದಿಲ್ಲ. ಒಣ ಅಡಿಕೆಯ ಚೀಲದೊಳಗೆ ಮೊಣಕೈತನಕ ಕೈ ಹಾಕಿ ಕೂರುತ್ತಾನೆ.

ಮನುಷ್ಯರದ್ದೇ ಕಷ್ಟ. ಯಂತ್ರಕ್ಕೆ ಸಮಯವಿದೆ, ನೆಂಟರ ಅಪ್ಪುಗೆಗೆ ಇಲ್ಲ. ಕೈಕುಲುಕಲು ಬಂದವರಿಗೆ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುವುದನ್ನು ಅವನಿಗೆ ಕಲಿಸಿದ್ದೇವೆ. ಮದುವೆಗಳಿಗೆ ನಮ್ಮಲ್ಲಿ ಒಬ್ಬರೇ ಹೋಗುತ್ತೇವೆ. ಊಟದ ಹೊತ್ತಿಗೆ "ಅವರೆಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಹೋದ ವರ್ಷ ಈದ್‌ಗೆ ಅವನನ್ನು ಮನೆಯಲ್ಲೇ ಬಿಟ್ಟಿದ್ದೆವು. ಹಬ್ಬದ ತಿಂಡಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ಈ ವರ್ಷ ಹಿಂದಿನ ದಿನವೇ ಖಾಲಿ ಈದ್ಗಾ ತೋರಿಸಿ ತಂದೆವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ಕತ್ತರಿಸಿ ಕೊಟ್ಟೆವು: ಬೈಕು, ಸಾಲು, ನಮಾಝು, ಮನೆ. ಗೇಟಿನ ಬಳಿ ಕೊನೆಯ ಸಾಲಿನಲ್ಲಿ ಅಬ್ಬಾನ ಪಕ್ಕ ನಿಂತ. ನಮಾಝ್ ಮುಗಿಯಿತು. ಖುತ್ಬಾ ನಡೆಯುತ್ತಿದ್ದಂತೆ ಬೆರಳು ನಡುಗತೊಡಗಿತು. ಮೊದಲಾಗಿದ್ದರೆ ಕೈ ಕಚ್ಚಿಕೊಳ್ಳುತ್ತಿದ್ದ. ಜೇಬಿನಿಂದ ಚೀಟಿ ತೆಗೆದು ಅಬ್ಬಾನ ತೊಡೆಯ ಮೇಲಿಟ್ಟ. ಮನೆಯ ಚಿತ್ರ. ಇಬ್ಬರೂ ಎದ್ದು ಬಂದರು.