ಲೆಕ್ಕ ಓದಿ ಹೇಳುವವರು

ದೇಂಕಣಿಕೋಟೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮೂರು ನುಡಿಗಳು ಕಿವಿಗೆ ಬೀಳುತ್ತವೆ. ಬಸ್ಸಿನ ಫಲಕ ತಮಿಳಿನದು. ಹೂವಿನ ಬುಟ್ಟಿ ಇಳಿಸುವವರು ತೆಲುಗಿನಲ್ಲಿ ಕೂಗಿಕೊಳ್ಳುತ್ತಾರೆ. ರಾಗಿ ಚೀಲಕ್ಕೆ ಒರಗಿ ಕುಳಿತ ಅಜ್ಜಿ ಮೊಮ್ಮಗಳನ್ನು ಗದರುವುದು ಕನ್ನಡದಲ್ಲಿ. ಹೊಸೂರು, ತಳಿ, ಕೆಲಮಂಗಲ, ಅಂಚೆಟ್ಟಿಗಳ ಸೀಮೆಯಲ್ಲಿ ಇದು ಯಾರಿಗೂ ಸೋಜಿಗವಲ್ಲ. ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿದ್ದ ಈ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕವೂ ಅಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯ ಭಾಗವಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಬದಲಾದರೂ ಅನೇಕ ಮನೆಗಳ ಮಾತು ಬದಲಾಗಲಿಲ್ಲ. ಕಾಗದದ ಮಾತು ಮಾತ್ರ ಬೇರೆಯಾಗಿಯೇ ಉಳಿಯಿತು. ಈ ಎರಡರ ನಡುವಿನ ತೆರವಿನಲ್ಲಿ ದಿನವೂ ದುಡಿಯುವವರು ಕೆಲವರಿದ್ದಾರೆ. ಹಳ್ಳಿಗಳ ಸಮುದಾಯ ಸಂಪನ್ಮೂಲ ಕೇಂದ್ರಗಳನ್ನು ನಡೆಸುವವರು ಮತ್ತು ಅವಕ್ಕೆ ಬೆಂಬಲವಾಗಿ ನಿಂತವರು ಅವರು.

ಸಂಪನ್ಮೂಲ ಕೇಂದ್ರ ಎಂಬ ಹೆಸರು ದೊಡ್ಡದು, ಕೇಂದ್ರ ಚಿಕ್ಕದು. ಒಂದು ಕೋಣೆ, ಒಂದು ಮೇಜು, ಪುಸ್ತಕಗಳನ್ನಿಡುವ ಬೀರು, ಸಭೆ ಸೇರಿದಾಗ ಹಾಸುವ ಜಮಖಾನೆ, ಇಷ್ಟಿದ್ದರೆ ಕೇಂದ್ರವಾಯಿತು. ಸುತ್ತಲಿನ ನೂರರಷ್ಟು ಮಹಿಳಾ ಸ್ವಸಹಾಯ ಸಂಘಗಳು ಅದಕ್ಕೆ ಸದಸ್ಯರು. ಸಂಘಗಳಿಂದ ಆರಿಸಿ ಬಂದ ಹೆಂಗಸರೇ ಅದರ ಆಡಳಿತ ಸಮಿತಿ. ಅವರು ನೇಮಿಸಿದ ಒಬ್ಬ ವ್ಯವಸ್ಥಾಪಕಿ, ಹಳ್ಳಿಯಿಂದ ಹಳ್ಳಿಗೆ ನಡೆದು ಸಂಘಗಳಿಗೆ ತರಬೇತಿ ಕೊಡುವ ಕೆಲವು ಸಂಪನ್ಮೂಲ ವ್ಯಕ್ತಿಗಳು, ಇವರು ಕೇಂದ್ರದ ಕೈಕಾಲುಗಳು. ಬ್ಯಾಂಕಿನ ಸಾಲದ ಅರ್ಜಿ, ಸಂಘದ ಲೆಕ್ಕ ತನಿಖೆ, ವಿಧವಾ ವೇತನದ ವಿಚಾರ, ಪಶುವೈದ್ಯರ ಶಿಬಿರ, ಓದು ಮುಗಿಸಿದ ಹುಡುಗಿಗೆ ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸವಿದೆಯೇ ಎಂಬ ವಿಚಾರಣೆ, ಎಲ್ಲವೂ ಆ ಒಂದು ಮೇಜಿನ ಮುಂದೆ ಬಂದು ನಿಲ್ಲುತ್ತವೆ.

ಈ ಏರ್ಪಾಡಿಗೆ ಒಂದು ಚರಿತ್ರೆಯಿದೆ, ಅದರ ಆರಂಭ ಒಂದು ಸೋಲಿನಲ್ಲಿದೆ. 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮೊದಲು ಟಿಬೆಟ್ ನಿರಾಶ್ರಿತರ ಪುನರ್ವಸತಿಯಲ್ಲಿ ತೊಡಗಿತ್ತು. ಅನಂತರ ಗ್ರಾಮೀಣ ಬಡವರತ್ತ ತಿರುಗಿತು. ಎಂಬತ್ತರ ದಶಕದ ನಡುವೆ, ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಒಡೆದುಹೋದ ಜನರು ಚಿಕ್ಕ ಚಿಕ್ಕ ಗುಂಪುಗಳಾಗಿ, ಒಬ್ಬರನ್ನೊಬ್ಬರು ನಂಬುವವರಷ್ಟೇ ಒಟ್ಟಾಗಿ, ತಮ್ಮ ಹಣದ ವ್ಯವಹಾರವನ್ನು ತಾವೇ ನಡೆಸಲು ಸಿದ್ಧರಾಗಿದ್ದರು. ಆಗ ಸಂಸ್ಥೆಯ ನಾಯಕರಾಗಿದ್ದ ಅಲೋಷಿಯಸ್ ಫರ್ನಾಂಡಿಸ್ ಮತ್ತು ಅವರ ಸಂಗಡಿಗರು ಆ ಒಡಕನ್ನು ಅಂಟಿಸಲು ಹೋಗಲಿಲ್ಲ. ಜನರ ನಂಬಿಕೆ ಎಷ್ಟು ದೂರ ಹರಡುತ್ತದೋ ಸಂಘವೂ ಅಷ್ಟೇ ಇರಲಿ ಎಂದು ಅರಿತರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಕೈಗೊಂಡಿತು. ಈ ನಡುವೆ 1989ರಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ತಮಿಳುನಾಡು ಸರ್ಕಾರ ಮಹಿಳಾ ಸಂಘಗಳ ಕೆಲಸವನ್ನು ಆರಂಭಿಸಿದ್ದು ಆಗಿನ ಧರ್ಮಪುರಿ ಜಿಲ್ಲೆಯಲ್ಲಿಯೇ. ಸಂಘಗಳು ಬೆಳೆದು, ಹೊರಗಿನ ಸಂಸ್ಥೆ ಹಿಂದೆ ಸರಿಯಬೇಕಾದ ಕಾಲ ಬಂದಾಗ, ಅದರ ಜಾಗದಲ್ಲಿ ನಿಲ್ಲಲು ಜನರೇ ನಡೆಸುವ ಸಂಪನ್ಮೂಲ ಕೇಂದ್ರಗಳನ್ನು ಮೈರಾಡ ರೂಪಿಸಿತು.

ಅದೇ ಜಿಲ್ಲೆಯಲ್ಲಿ ಇನ್ನೊಂದು ದಾರಿಯಿಂದ ಇದೇ ತಿಳಿವಳಿಕೆಗೆ ಬಂದವರು ಕುಳಂದೈ ಫ್ರಾನ್ಸಿಸ್. 1979ರಲ್ಲಿ ಅವರು ಕಟ್ಟಿದ ಐವಿಡಿಪಿ ಸಂಸ್ಥೆ ರಾತ್ರಿ ಶಾಲೆ, ಪ್ರಥಮ ಚಿಕಿತ್ಸೆಗಳಿಂದ ತೊಡಗಿ, ಬರದ ಹಳ್ಳಿಗಳಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಿತು. 1989ರಿಂದ ಮಹಿಳಾ ಸಂಘಗಳತ್ತ ತಿರುಗಿತು. 2012ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಹೊತ್ತಿಗೆ 8,231 ಸಂಘಗಳು, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಸದಸ್ಯೆಯರು ಇದ್ದರು. ಅಂಕಿ ದೊಡ್ಡದು. ಆದರೆ ಅದರೊಳಗಿನ ಒಂದೊಂದು ಸಂಘವೂ ನಿಂತಿರುವುದು ಜಗುಲಿಯ ಮೇಲೆ ಕುಳಿತು ಪುಸ್ತಕ ಬರೆಯುವ ಒಬ್ಬ ಹೆಣ್ಣುಮಗಳ ಮೇಲೆ.

ಆ ಪುಸ್ತಕದ ಮಾತು ಇಲ್ಲಿ ಮುಖ್ಯ. ಸಂಘದ ಸಭೆಯಲ್ಲಿ ಒಬ್ಬಾಕೆ ಎದ್ದು ನಿಂತು, "ಅಕ್ಕ, ಸೀಮೆಹಸು ಸತ್ತೋಯ್ತು. ಈ ತಿಂಗ್ಳು ಕಂತು ಕಟ್ಟಾಕಾಗಲ್ಲ" ಎನ್ನುತ್ತಾಳೆ. ಅವಳು ಹೇಳಿದ್ದು ಕನ್ನಡದಲ್ಲಿ. ನಡವಳಿ ಪುಸ್ತಕಕ್ಕೆ ಇಳಿಯುವುದು ತಮಿಳಿನಲ್ಲಿ, ಅದೂ ಕಚೇರಿಯ ತಮಿಳಿನಲ್ಲಿ: ಸದಸ್ಯೆಯೊಬ್ಬರು ಕಂತಿಗೆ ಕಾಲಾವಕಾಶ ಕೋರಿದರು ಎಂದು. ಅರ್ಥ ತಪ್ಪಿಲ್ಲ. ಆದರೆ ಹಸು ಬಿಟ್ಟುಹೋಯಿತು.

ಒಳ್ಳೆಯ ವ್ಯವಸ್ಥಾಪಕಿಗೆ ಮೊದಲು ಕೇಳಿಸುವುದು ಕಂತಲ್ಲ, ಹಸು. ಸಾಲದಲ್ಲಿ ಕೊಂಡ ಹಸುವಾದರೆ ಅದಕ್ಕೆ ವಿಮೆ ಇರಬಹುದು. ವಿಮೆಯ ಹಣ ಕೈಗೆ ಬರಬೇಕಾದರೆ ಹಸುವಿನ ಕಿವಿಗೆ ಹಾಕಿದ ನಂಬರಿನ ಬಿಲ್ಲೆ ಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಅದನ್ನರಿಯದೆ ಹಸುವನ್ನು ಬಿಲ್ಲೆಯ ಸಮೇತ ಮಣ್ಣುಮಾಡಿದರೆ, ಹಸುವೂ ಹೋಯಿತು, ಹಣವೂ ಹೋಯಿತು, ಸಾಲ ಮಾತ್ರ ಉಳಿಯಿತು. "ಹೂಳೋಕ್ ಮುಂಚೆ ಒಂದು ಮಾತು ತಿಳಿಸಮ್ಮ" ಎಂದು ಊರೂರಿಗೆ ಹೋಗಿ ಹೇಳಿ ಬರುವುದೇ ಒಂದು ಸಂಪನ್ಮೂಲ. ಕಟ್ಟಡವಿಲ್ಲದೆಯೂ ಅದು ನಡೆಯುತ್ತದೆ. ಆ ಮಾತನ್ನು ಕೇಳುವವಳ ನುಡಿಯಲ್ಲಿ ಹೇಳಬಲ್ಲವರಿಲ್ಲದೆ ಮಾತ್ರ ನಡೆಯದು.

ಆದರೆ ನಡುವೆ ನಿಂತು ದಾಟಿಸುವವರ ಕೈಗೆ ಅರಿವಿಲ್ಲದೆಯೇ ಅಧಿಕಾರ ಬರುತ್ತದೆ. ಹದಿನೈದು ಹೆಂಗಸರ ಸಂಘದಲ್ಲಿ ತಮಿಳು ಓದಬಲ್ಲವಳು ಒಬ್ಬಳೇ ಆದರೆ ಲೆಕ್ಕವೆಲ್ಲ ಅವಳ ಬಾಯಲ್ಲಿ. 2006ರ ಕಾಯಿದೆಯ ಬಳಿಕ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು; ಹೀಗಾಗಿ ಮನೆಯಲ್ಲಿ ಮಗಳು ಓದಬಲ್ಲದ್ದನ್ನು ತಾಯಿ ಓದಲಾರಳು. ಮಗಳ ವಯಸ್ಸಿನವಳು ಬರೆದದ್ದಕ್ಕೆ ತಾಯಿಯ ವಯಸ್ಸಿನವಳು ಹೆಬ್ಬೆಟ್ಟು ಒತ್ತುತ್ತಾಳೆ. ಬರೆದವಳು ಪ್ರಾಮಾಣಿಕಳೇ ಇರಬಹುದು. ಆದರೂ ತನಗೆ ತಿಳಿಯದ ಅಕ್ಷರವನ್ನು ನಂಬಿಯೇ ಬದುಕಬೇಕಾದವಳಿಗೆ ಸಂಘ ತನ್ನದೆಂದು ಅನ್ನಿಸುವುದು ಹೇಗೆ? ದೊಡ್ಡ ಸಂಘಗಳು ಒಡೆದದ್ದು ನಂಬಿಕೆ ಸೋತಾಗ. ಚಿಕ್ಕ ಸಂಘಕ್ಕೂ ಅದೇ ಗಂಡಾಂತರವಿದೆ.

ಇದಕ್ಕೆ ಸಂಘಗಳು ಕಂಡುಕೊಂಡ ಮದ್ದು ಸರಳವಾದುದು: ಸಭೆ ಮುಗಿಯುವ ಮೊದಲು ಬರೆದುದನ್ನು ಎಲ್ಲರೆದುರು ಓದಿ ಹೇಳಬೇಕು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ರೀತಿ ಹೊಸದಲ್ಲ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ; ಅಕ್ಷರ ಬಾರದವರೂ ಆ ಕಾವ್ಯವನ್ನು ತಮ್ಮದಾಗಿಸಿಕೊಂಡದ್ದು ಹೀಗೆ. ಜಗುಲಿಯ ಮೇಲೆ ನಡೆಯುವುದೂ ವಾಚನ ಮತ್ತು ವ್ಯಾಖ್ಯಾನವೇ. ತಮಿಳಿನ ಸಾಲನ್ನು ಓದಿ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬಿಡಿಸಿ ಹೇಳಬೇಕು: ಇಂಥವಳ ಉಳಿತಾಯ ಇಷ್ಟು, ಸಾಲ ಇಷ್ಟು, ಬಡ್ಡಿ ಇಷ್ಟು, ಪೆಟ್ಟಿಗೆಯಲ್ಲಿ ಉಳಿದದ್ದು ಇಷ್ಟು. ಒಂದು ವ್ಯತ್ಯಾಸವಿದೆ. ಇಲ್ಲಿನ ಕೇಳುಗರು ತಲೆದೂಗಲು ಬಂದವರಲ್ಲ, ತಪ್ಪು ಹಿಡಿಯಲು ಬಂದವರು. ತಮ್ಮ ಹಣದ ವಿಚಾರದಲ್ಲಿ ಅಕ್ಷರ ಬಾರದವರ ನೆನಪು ಬಹಳ ಗಟ್ಟಿ.

ಬೆಂಬಲಿಗರ ಕೆಲಸ ಇನ್ನೂ ಸೂಕ್ಷ್ಮವಾದುದು. ಸಂಸ್ಥೆಯ ಕಾರ್ಯಕರ್ತ ಆರಂಭದಲ್ಲಿ ತಾನೇ ಪುಸ್ತಕ ಬರೆದುಕೊಡುತ್ತಾನೆ, ಬ್ಯಾಂಕಿಗೆ ಜೊತೆಯಲ್ಲಿ ಹೋಗುತ್ತಾನೆ. ಅದು ಸುಲಭ. ಕೆಲವು ವರ್ಷಗಳ ಬಳಿಕ ಆಕೆ ಒಬ್ಬಳೇ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಹೊರಗೆ ನಿಲ್ಲುವುದು ಕಷ್ಟ. ಕೇಂದ್ರಕ್ಕೆ ಪ್ರತಿ ಸಂಘವೂ ಶುಲ್ಕ ಕೊಡಬೇಕೆಂಬ ನಿಯಮದ ತಿರುಳೂ ಇದೇ. ದಾನದಿಂದ ನಡೆಯುವ ಕೇಂದ್ರದಲ್ಲಿ ಹೆಂಗಸರು ಬೇಡುತ್ತಾರೆ. ತಾವು ಕೊಟ್ಟ ಹಣದಿಂದ ನಡೆಯುವ ಕೇಂದ್ರದಲ್ಲಿ ಕೇಳುತ್ತಾರೆ. ಬರದ ವರ್ಷದಲ್ಲಿ ಶುಲ್ಕ ಬಾರದೆ ವ್ಯವಸ್ಥಾಪಕಿಯ ಸಂಬಳಕ್ಕೇ ತತ್ವಾರವಾಗಬಹುದು. ಆಗಲೂ ಬಾಗಿಲು ತೆರೆದಿಡಬೇಕೇ ಎಂಬುದನ್ನು ತೀರ್ಮಾನಿಸುವವರು ಆ ಹೆಂಗಸರೇ. ನಾಯಕತ್ವವೆಂದರೆ ಅಲ್ಲಿ ಅಷ್ಟೇ, ಅಷ್ಟು ದೊಡ್ಡದು.

ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವವರು ಭಾಷಾಂತರವೆಂದರೆ ಗ್ರಂಥದಿಂದ ಗ್ರಂಥಕ್ಕೆ ಎಂದು ಬಗೆಯುವುದುಂಟು. ಗಡಿಯಾಚೆಯ ಈ ಜಗುಲಿಗಳಲ್ಲಿ ಅದು ಬಾಯಿಂದ ಪುಸ್ತಕಕ್ಕೆ, ಮತ್ತೆ ಪುಸ್ತಕದಿಂದ ಬಾಯಿಗೆ. ಅಲ್ಲಿ ತಪ್ಪಿದರೆ ವಿಮರ್ಶಕರು ಹಳಿಯುವುದಿಲ್ಲ, ಒಬ್ಬಳ ಹಸುವಿನ ಹಣ ಹೋಗುತ್ತದೆ. ಅದಕ್ಕೇ ಪುಸ್ತಕ ಬರೆಯುವ ಹುಡುಗಿ ಕೊನೆಯ ಸಾಲನ್ನು ಎರಡು ಸಲ ಓದುತ್ತಾಳೆ, ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಮೂಲೆಯಲ್ಲಿ ಕುಳಿತ ಅಜ್ಜಿ, "ಇನ್ನೊಂದಪ ಹೇಳವ್ವ, ನಂದು ಹತ್ತು ರೂಪಾಯಿ ಬಿಟ್ಟೋಗೈತೆ" ಎನ್ನುತ್ತಾಳೆ. ಹುಡುಗಿ ಹಾಳೆ ತಿರುಗಿಸಿ ಮೊದಲಿಂದ ಓದತೊಡಗುತ್ತಾಳೆ.