ಗೋಯಾನ ಗುಮ್ಮಟದ ಕೆಳಗೆ

ಸ್ಪೇನಿನ ಭಿತ್ತಿಚಿತ್ರ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಪಿಕಾಸೊನ 'ಗೆರ್ನಿಕಾ'. 1937ರ ಆ ಚಿತ್ರ ಗೋಡೆಯಷ್ಟೇ ಅಗಲವಿದೆ, ನಿಜ. ಆದರೆ ಬರೆದದ್ದು ಕ್ಯಾನ್ವಾಸಿನ ಮೇಲೆ. ಸುರುಳಿ ಸುತ್ತಿಸಿಕೊಂಡು ದೇಶ ದೇಶ ತಿರುಗಿ 1981ರಲ್ಲಿ ಸ್ಪೇನ್ ಸೇರಿತು. ಮ್ಯಾಡ್ರಿಡ್‌ಗೆ ಹೋದವರು ಅದನ್ನು ಹೇಗೂ ನೋಡುತ್ತೀರಿ. ಅರ್ಧ ದಿನ ಉಳಿದರೆ, ಗೋಡೆ ಬಿಟ್ಟು ಕದಲದ ಇನ್ನೊಂದನ್ನೂ ನೋಡಿ ಬನ್ನಿ.

ಪ್ರಿನ್ಸಿಪೆ ಪಿಯೊ ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ, ಮಂಜನಾರೆಸ್ ನದಿಯ ಹತ್ತಿರ, ಎರಡು ಪುಟ್ಟ ಚರ್ಚುಗಳು ಅವಳಿ ಮಕ್ಕಳಂತೆ ನಿಂತಿವೆ. ಒಂದು ಅಸಲು, ಇನ್ನೊಂದು ಅದರ ಪಡಿಯಚ್ಚು. ಮೇಣದಬತ್ತಿಯ ಹೊಗೆಯಿಂದ ಚಿತ್ರಗಳು ಕೆಡಬಾರದೆಂದು 1928ರಲ್ಲಿ ಎರಡನೆಯದನ್ನು ಕಟ್ಟಿ ಪೂಜೆಯನ್ನು ಅಲ್ಲಿಗೆ ಸಾಗಿಸಿದರು. ಚಿತ್ರಕ್ಕಾಗಿ ದೇವರೇ ಮನೆ ಬದಲಿಸಿದ ಹಾಗಾಯಿತು!

ಈ ಸಾನ್ ಅಂತೋನಿಯೊ ದೆ ಲಾ ಫ್ಲೊರಿದಾ ಚರ್ಚಿನ ಗುಮ್ಮಟದ ಒಳಮೈಯನ್ನು ಫ್ರಾನ್ಸಿಸ್ಕೊ ಗೋಯಾ 1798ರಲ್ಲಿ ಕೆಲವೇ ತಿಂಗಳಲ್ಲಿ ಚಿತ್ರಿಸಿದ. ಆಗ ಅವನಿಗೆ 52 ವರ್ಷ. ಐದಾರು ವರ್ಷ ಹಿಂದಿನ ಕಾಯಿಲೆಯಿಂದ ಕಿವಿ ಪೂರ್ತಿ ಕೇಳದಾಗಿತ್ತು. ಹಸಿ ಗಾರೆಯ ಮೇಲೆ, ಅದು ಒಣಗುವುದರೊಳಗೆ ಬಣ್ಣ ಹಚ್ಚಬೇಕು. ಅಷ್ಟೆತ್ತರದ ಅಟ್ಟಣಿಗೆಯ ಮೇಲೆ ಕತ್ತು ಎತ್ತಿ ಮಾಡುವ ಕೆಲಸ.

ಚಿತ್ರದ ಕಥೆ ಪಾದುವಾದ ಸಂತ ಅಂತೋಣಿಯದು. ಮೈಸೂರು ಜಿಲ್ಲೆಯ ದೋರನಹಳ್ಳಿಯಲ್ಲಿ ಜೂನ್‌ನಲ್ಲಿ ಹಬ್ಬ ನಡೆಯುವುದು ಇದೇ ಸಂತನಿಗೆ. ಹುಟ್ಟೂರು ಲಿಸ್ಬನ್‌ನಲ್ಲಿ ತಂದೆಯ ಮೇಲೆ ಕೊಲೆಯ ಸುಳ್ಳು ಆಪಾದನೆ ಬಂದಿದೆಯೆಂದು ದೂರದ ಇಟಲಿಯಲ್ಲಿದ್ದ ಮಗನಿಗೆ ತಿಳಿಯುತ್ತದೆ. ಪವಾಡದಿಂದ ಅಲ್ಲಿಗೆ ಬಂದವನು ಸತ್ತವನನ್ನೇ ಎಬ್ಬಿಸಿ ಕೇಳುತ್ತಾನೆ: ಕೊಂದದ್ದು ಇವರೇ? ಅಲ್ಲ ಎನ್ನುತ್ತದೆ ಹೆಣ. ಪರಊರಿನಲ್ಲಿದ್ದು ಊರಿನ ಹಿರಿಯರ ಚಿಂತೆ ಹೊತ್ತ ನಮ್ಮಂಥವರಿಗೆ ಈ ಕಥೆ ತಟ್ಟದಿರದು.

ಆದರೆ ಗೋಯಾ ಬರೆದದ್ದು ಲಿಸ್ಬನ್ ಅಲ್ಲ, ತನ್ನ ಕಾಲದ ಮ್ಯಾಡ್ರಿಡ್. ಗುಮ್ಮಟದ ಸುತ್ತ ಒಂದು ಕಟಕಟೆ, ಅದರ ಹಿಂದೆ ಬೀದಿಯ ಜನ: ಶಾಲು ಹೊದ್ದ ಹೆಂಗಸರು, ಭಿಕ್ಷುಕರು, ಮುದುಕರು. ಇಬ್ಬರು ಹುಡುಗರು ಕಟಕಟೆಯನ್ನೇ ಹತ್ತಿದ್ದಾರೆ. ಎದುರಿಗೇ ಸತ್ತವನು ಎದ್ದು ಕೂತಿದ್ದರೂ ಅರ್ಧದಷ್ಟು ಜನರಿಗೆ ಅದರ ಪರಿವೆಯೇ ಇಲ್ಲ. ಹರಟುತ್ತಾರೆ, ಎತ್ತಲೋ ನೋಡುತ್ತಾರೆ. ಬೆನ್ನು ತಿರುಗಿಸಿ ಜಾರಿಕೊಳ್ಳುತ್ತಿರುವ ಒಬ್ಬನೇ ನಿಜವಾದ ಕೊಲೆಗಾರನೆಂದು ಹಲವರ ಊಹೆ. ಸಾಮಾನ್ಯವಾಗಿ ದೇವದೂತರು ಮೇಲೆ, ಮನುಷ್ಯರು ಕೆಳಗೆ. ಇಲ್ಲಿ ಜನ ಮೇಲೆ, ದೇವದೂತರು ಕೆಳಗಿನ ಕಮಾನುಗಳಲ್ಲಿ. ಅವರೂ ಅಂದಿನ ಮ್ಯಾಡ್ರಿಡ್‌ನ ಚೆಲುವೆಯರಂತೆಯೇ ಇದ್ದಾರೆ. ನನ್ನ ಮಟ್ಟಿಗೆ 'ಗೆರ್ನಿಕಾ'ಗಿಂತ ಇದೇ ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತದೆ.

ಗೋಯಾನ ಸಮಾಧಿಯೂ ಇಲ್ಲೇ ಇದೆ. 1828ರಲ್ಲಿ ಫ್ರಾನ್ಸಿನ ಬೋರ್ದೊದಲ್ಲಿ ತೀರಿಕೊಂಡ. 1888ರಲ್ಲಿ ಗೋರಿ ತೆಗೆದಾಗ ತಲೆಬುರುಡೆ ಮಾಯ. ಪಕ್ಕದಲ್ಲೇ ಅವನ ಬೀಗರಾದ ಗೊಯ್ಕೊಯೆಚೆಯಾ ಅವರ ಮೂಳೆಗಳು. ಯಾವುದು ಯಾರದೆಂದು ತಿಳಿಯದೆ ಇಬ್ಬರನ್ನೂ ಒಟ್ಟಿಗೆ ತಂದರು. 1919ರಿಂದ ಇಬ್ಬರೂ ಈ ಗುಮ್ಮಟದಡಿ ಮಲಗಿದ್ದಾರೆ. ಬುರುಡೆ ಇನ್ನೂ ಸಿಕ್ಕಿಲ್ಲ.

ಜೂನ್ 13ರ ಹಬ್ಬಕ್ಕೆ ಹೋದರೆ ಮತ್ತೊಂದು ತಮಾಷೆ. ವರ ಬೇಕಾದ ಹುಡುಗಿಯರು ಜ್ಞಾನಸ್ನಾನದ ತೊಟ್ಟಿಗೆ 13 ಗುಂಡುಸೂಜಿ ಹಾಕಿ ಅಂಗೈ ಒತ್ತುತ್ತಾರೆ. ಎಷ್ಟು ಅಂಟಿದರೆ ಅಷ್ಟು ವರಗಳು! ಹಿಂದೆ ದರ್ಜಿ ಅಂಗಡಿಗಳಲ್ಲಿ ಹೊಲಿಯುತ್ತಿದ್ದ ಹುಡುಗಿಯರಿಂದ ಬಂದ ಪದ್ಧತಿಯಿದು. ಗಂಡುಹುಡುಗರಿಗೆ ಇಂಥ ಸೌಕರ್ಯ ಇದ್ದಂತಿಲ್ಲ.