ಹಸುರು ನೀರು

ಬೆಕ್ಕನ್ನು ಸಾಕುವುದೆಂಬ ಮಾತು ನಮ್ಮ ಸೀಮೆಯಲ್ಲಿ ಅಷ್ಟಾಗಿ ಒಪ್ಪತಕ್ಕುದಲ್ಲ. ಬೆಕ್ಕೇ ಒಂದು ಮನೆಯನ್ನು ಆರಿಸಿಕೊಳ್ಳುತ್ತದೆ. ಮನೆಯವರು ಸಮ್ಮತಿಸುತ್ತಾರೆ, ಅಷ್ಟೇ. ಬಂಟ್ವಾಳದ ನಮ್ಮ ಮನೆಗೂ ಒಂದು ಬೂದುಬಣ್ಣದ ಬೆಕ್ಕು ಆಟಿಯ ಮಳೆಯಲ್ಲಿ ತಾನಾಗಿಯೇ ಬಂದು ಸೇರಿತ್ತು. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುವರಷ್ಟೆ. ಮಕ್ಕಳು ಬೇರೊಂದು ಹೆಸರನ್ನು ಹುಡುಕುವ ಶ್ರಮವನ್ನು ವಹಿಸದೆ ಅದನ್ನು ಹಾಗೆಯೇ ಕರೆಯುತ್ತಿದ್ದರು. ಅಡಿಕೆಯ ಮೂಟೆಗಳಿದ್ದ ಅಟ್ಟವನ್ನು ನಾಲ್ಕು ವರುಷ ಕಾಲ ಅದು ಇಲಿಗಳಿಂದ ಕಾಯ್ದಿತು.

ಕೆಲವು ವರುಷಗಳ ಹಿಂದಿನ ಒಂದು ಬೇಸಗೆಯಲ್ಲಿ ಮೂಡುಬಿದಿರೆಯ ನಮ್ಮ ನಂಟರು ಘಟ್ಟದ ಮೇಲೆ ಒಂದು ಮದುವೆಯನ್ನು ಮುಗಿಸಿಕೊಂಡು ಚಾರ್ಮಾಡಿಯ ಮಾರ್ಗವಾಗಿ ಕಾರಿನಲ್ಲಿ ಹಿಂದಿರುಗುತ್ತಿದ್ದರು. ಹೋಗುವಾಗ ಘಟ್ಟದ ಏರಿನಲ್ಲಿ ಯಂತ್ರವು ವಿಪರೀತ ಕಾದಿದ್ದುದರಿಂದ, ಇಳಿದ ಮೇಲೆ ಬೆಳ್ತಂಗಡಿಯಲ್ಲಿ ಅದಕ್ಕೆ ಹೊಸ ಕೂಲೆಂಟನ್ನು ತುಂಬಿಸಿದರಂತೆ. ಗುರುವಾಯನಕೆರೆಯಿಂದ ವೇಣೂರಿನ ನೇರವಾದ ದಾರಿಯನ್ನು ಬಿಟ್ಟು, ಪುಂಜಾಲಕಟ್ಟೆಯ ಮೇಲಿಂದ ನಮ್ಮಲ್ಲಿಗೆ ಬಂದು ಒಂದು ರಾತ್ರಿ ತಂಗಿ, ಮುಂಜಾನೆ ಹೊರಟುಹೋದರು. ಕಾರು ನಿಂತಿದ್ದ ಅಂಗಳದಲ್ಲಿ ಅಂಗೈಯಗಲದ ಹಸುರು ನೀರು ಉಳಿದಿತ್ತು.

ಮಧ್ಯಾಹ್ನಕ್ಕೆ ಪುಚ್ಚೆಯು ಕಳ್ಳು ಕುಡಿದವರಂತೆ ತೂರಾಡತೊಡಗಿತು. ಮೇಲಿಂದ ಮೇಲೆ ನೀರು ಕುಡಿಯಿತು. ಸಂಜೆಗೆ ಚೇತರಿಸಿಕೊಂಡಂತೆಯೂ ತೋರಿತು. ಮರುದಿನ ವಾಂತಿ, ಅನ್ನವನ್ನು ಮೂಸಲಿಲ್ಲ, ಮೂತ್ರವು ಬಹುಮಟ್ಟಿಗೆ ನಿಂತುಹೋಯಿತು.

ಬೆಕ್ಕಿಗೆ ವಿಷ ಬಿದ್ದಿದೆಯೆಂದ ಕೂಡಲೇ ಕೇರಿಯ ಕಣ್ಣುಗಳು ನೆರೆಯ ತೋಟದ ಯಜಮಾನರ ಕಡೆಗೆ ತಿರುಗಿದವು. ಎಳೆಯ ಬೊಂಡಗಳನ್ನು ಇಲಿಗಳು ಕೊರೆಯುವುದನ್ನು ತಾಳಲಾರದೆ ಅವರು ಹದಿನೈದು ದಿನಗಳ ಹಿಂದೆ ಪಾಷಾಣವನ್ನು ಇಟ್ಟಿದ್ದರು. ನಮ್ಮ ಮನೆಯಲ್ಲಿಯೂ ಕಿರಿಯರು ಜಗಳಕ್ಕೆ ಸಿದ್ಧರಾದರು. ಎರಡು ತಲೆಮಾರುಗಳಿಂದ ಒಂದೇ ಬಾವಿಯ ನೀರನ್ನು ಸೇದಿದ ಮನೆಗಳು! ವೈದ್ಯರು ನೋಡುವ ತನಕ ಯಾರೂ ತುಟಿಯೆತ್ತಕೂಡದೆಂದು ಹೇಳಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋದೆವು.

ಅವರು ಕೇಳಿದ ಮೊದಲನೆಯ ಪ್ರಶ್ನೆ, ಮೊದಲ ದಿನ ಅದು ತೂರಾಡಿತೇ ಎಂಬುದು. ಎರಡನೆಯದು, ಅಂಗಳದಲ್ಲಿ ಯಾವುದಾದರೂ ವಾಹನ ನಿಂತಿತ್ತೇ ಎಂಬುದು. ಇಲಿಪಾಷಾಣದಲ್ಲಿರುವ ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋಗಿದ್ದರೆ ವಾಂತಿಯಲ್ಲಿ ಬೆಳ್ಳುಳ್ಳಿಯಂಥ ನಾತವಿರುವುದುಂಟು, ಇಲ್ಲಿ ಅದಿರಲಿಲ್ಲ. ದೊರೆತ ನಾಲ್ಕು ಹನಿ ಮೂತ್ರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಮ್ಮನ್ನೂ ನೋಡಹೇಳಿದರು. ಒಡೆದ ಗಾಜಿನ ಚೂರುಗಳಂತೆ ಹರಳುಗಳು ಮಿನುಗುತ್ತಿದ್ದವು.

ಆ ಹಸುರು ನೀರಿನ ಸಾರವು ಎಥಿಲೀನ್ ಗ್ಲೈಕೋಲ್ ಎಂಬ ದ್ರವ. 1856ರಲ್ಲಿ ಫ್ರಾನ್ಸಿನ ವುರ್ಟ್ಸ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಮೊದಲು ತಯಾರಿಸಿದನು. ಶೀತದೇಶಗಳಲ್ಲಿ ಯಂತ್ರದ ನೀರು ಹೆಪ್ಪುಗಟ್ಟದಿರಲೆಂದು ಇದನ್ನು ಬೆರೆಸುವರು. ಹಿಮವನ್ನೇ ಕಾಣದ ನಮ್ಮ ಜಿಲ್ಲೆಗೆ ಇದೇಕೆಂದು ಕೇಳಬಹುದು. ನೀರು ಬೇಗನೆ ಕುದಿಯದಂತೆ ಈ ದ್ರವವು ತಡೆಯುತ್ತದೆ. ಜೊತೆಗೆ ಸೇರಿಸಿದ ಮದ್ದುಗಳು ತುಕ್ಕನ್ನು ತಡೆಯುತ್ತವೆ. ಹಿಂದಿನ ಲಾರಿಗಳವರಿಗೆ ದಾರಿಯ ತೊರೆಯ ನೀರೇ ಸಾಕಾಗಿತ್ತು.

ಹೊಟ್ಟೆಗೆ ಹೋದಾಗ ಮೊದಲು ಇದು ಮದ್ಯದಂತೆ ಅಮಲನ್ನು ತರುವುದು. ಘೋರವಾದುದು ಆ ಮೇಲಿನದು. ಯಕೃತ್ತು ಇದನ್ನು ಜೀರ್ಣಿಸಹೋಗಿ ತಾನೇ ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಕೊನೆಯ ಆಕ್ಸಾಲಿಕ್ ಆಮ್ಲವು ರಕ್ತದ ಸುಣ್ಣದ ಅಂಶದೊಡನೆ ಕೂಡಿ ಹರಳಾಗಿ ಮೂತ್ರಪಿಂಡಗಳಲ್ಲಿ ನಾಟಿಕೊಳ್ಳುತ್ತದೆ. ನೀರು ಬೆರೆಸದ ದ್ರವವು ಒಂದು ಚಮಚೆಯಷ್ಟಾದರೂ ಸಾಕು, ದೊಡ್ಡ ಬೆಕ್ಕಿನ ಪ್ರಾಣಕ್ಕೆ ಅಪಾಯ. ಮೊದಲ ಮೂರು ಗಂಟೆಗಳೊಳಗೆ ವೈದ್ಯರ ಕೈಗೆ ಸೇರಿದರೆ ಬದುಕುವ ಆಸೆಯುಂಟು. ಆಗ ಅವರು ರಕ್ತನಾಳದ ಮೂಲಕ ಕೊಡುವ ಮದ್ದುಗಳಲ್ಲಿ ಶುದ್ಧವಾದ ಮದ್ಯಸಾರವೂ ಒಂದೆಂದು ಕೇಳಿ ನಾವು ಬೆರಗಾದೆವು. ಯಕೃತ್ತು ಮದ್ಯಸಾರದ ಕೆಲಸದಲ್ಲಿ ತೊಡಗಿರುವಾಗ ಗ್ಲೈಕೋಲು ಮಾರ್ಪಡದೆ ಮೂತ್ರದಲ್ಲಿ ಹೊರಟುಹೋಗುವುದಂತೆ. ಇದು ಮನೆಯಲ್ಲಿ ಪ್ರಯೋಗಿಸತಕ್ಕ ಚಿಕಿತ್ಸೆಯಲ್ಲವೆಂದು ಅವರು ಒತ್ತಿ ಹೇಳಿದರು. ನಮ್ಮ ಬೆಕ್ಕಿಗಂತೂ ಆ ಸಮಯವು ಮೀರಿಹೋಗಿತ್ತು.

ಈ ದ್ರವದ ಸಿಹಿಗೆ ಬೆಕ್ಕು ಮರುಳಾಗುತ್ತದೆಂದು ಹಲವರು ಹೇಳುವುದುಂಟು. ಬೆಕ್ಕಿನ ನಾಲಗೆಗೆ ಸಿಹಿಯೇ ತಿಳಿಯದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ತುಳಿದ ಪಾದವನ್ನು ನೆಕ್ಕಿಕೊಳ್ಳುವ ಶುಚಿತ್ವವೇ ಅದಕ್ಕೆ ಮುಳುವಾಗಬಲ್ಲುದು. ಅಮೇರಿಕದ ತಯಾರಕರು 2012ರಲ್ಲಿ ಇದಕ್ಕೆ ಕಹಿಯನ್ನು ಬೆರೆಸಲು ಒಪ್ಪಿದರು. ಕಹಿಯು ಮಕ್ಕಳನ್ನು ಕಾದೀತು, ಆದರೆ ಪಾದವನ್ನು ತೊಳೆದುಕೊಳ್ಳುವ ಬೆಕ್ಕನ್ನು ಕಾದೀತೆಂದು ನಮಗೆ ತೋರುವುದಿಲ್ಲ. ಮನುಷ್ಯರಿಗೂ ಇದರ ಸೋದರ ವಿಷವು ಅಪರಿಚಿತವಲ್ಲ. ಡೈಎಥಿಲೀನ್ ಗ್ಲೈಕೋಲಿನಲ್ಲಿ ಕರಗಿಸಿದ ಔಷಧದಿಂದ 1937ರಲ್ಲಿ ಅಮೇರಿಕದಲ್ಲಿ ನೂರಕ್ಕೂ ಹೆಚ್ಚು ಜನರು ಮಡಿದರು. ಅದೇ ದ್ರವವು ಗ್ಲಿಸರಿನ್ನಿನಲ್ಲಿ ಬೆರೆತು 1986ರಲ್ಲಿ ಮುಂಬಯಿಯಲ್ಲಿ 14 ಮಂದಿ ರೋಗಿಗಳು ತೀರಿಕೊಂಡರು.

ಮೂರನೆಯ ದಿನ ಬೆಳಗಿನ ಜಾವದಲ್ಲಿ ಪುಚ್ಚೆಯು ಸತ್ತಿತು. ಕೇರಿಯ ಮಾತು ನೆರೆಯವರ ಕಿವಿಗೂ ಬಿದ್ದಿತ್ತು. ವೈದ್ಯರು ಹೇಳಿದುದನ್ನು ನಾವು ಅವರ ಜಗಲಿಯಲ್ಲಿ ಕುಳಿತು, ನಾಲ್ಕು ಜನರಿಗೆ ಕೇಳಿಸುವಂತೆ ವಿವರಿಸಿದೆವು. ಅವರು ಏನನ್ನೂ ಆಡದೆ ಹಾರೆಯನ್ನು ಹೆಗಲ ಮೇಲಿಟ್ಟುಕೊಂಡು ನಮ್ಮೊಡನೆ ಹೊರಟು, ಹಲಸಿನ ಮರದ ಬುಡದಲ್ಲಿ ತಾವೇ ಗುಂಡಿಯನ್ನು ತೋಡಿದರು. ಅಂಗಳದ ಕಲೆಯ ಮೇಲೆ ಮರದ ಹೊಟ್ಟನ್ನು ಸುರಿದು, ಹೀರಿದ ಮೇಲೆ ಬಳಿದು ಮುಚ್ಚಳದ ಡಬ್ಬಿಗೆ ಹಾಕಿ, ನೆಲವನ್ನು ಮೂರು ಸಲ ತೊಳೆದೆವು. ಮೂಡುಬಿದಿರೆಗೆ ಸುದ್ದಿಯನ್ನು ತಿಳಿಸಿದಾಗ ನಂಟರು ಅಂದೇ ಕಾರನ್ನು ಪರೀಕ್ಷಿಸಿದರು; ಕೊಳವೆಯ ಒಂದು ಪಟ್ಟಿ ಸಡಿಲವಾಗಿತ್ತಂತೆ. ಅವರ ಮನೆಯಲ್ಲಿಯೂ ಎರಡು ಬೆಕ್ಕುಗಳಿದ್ದವು.